ಯಾರಿಗಾಗಿ ಮನೆ ಹುಡುಕುವುದು?

ನಮ್ಮ ಕಡೆ ಪರರ ಮಗುವನ್ನು ಇಟ್ಟುಕೊಂಡು ಓದಿಸುವುದು ಹೊಸದಲ್ಲ. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಎಂದು ವರ್ಗವಾದಲ್ಲೆಲ್ಲ ನನ್ನ ತರಗತಿಯಲ್ಲಿ ಚಿಕ್ಕಮ್ಮನ ಮನೆಯಲ್ಲೋ ಸೋದರಮಾವನ ಮನೆಯಲ್ಲೋ ಇದ್ದು ಬರುವ ಮಕ್ಕಳಿದ್ದರು. ಕೆಲವರು ಮನೆಮಕ್ಕಳೇ ಆಗಿದ್ದರು. ಕೆಲವರು ಮುಸುರೆ ತಿಕ್ಕಿ ಮುಗಿಸಿ ಎರಡನೆಯ ಗಂಟೆ ಹೊಡೆದ ಮೇಲೆ ಬರುತ್ತಿದ್ದರು. ಹೊರಗಿನವರ ಕಣ್ಣಿಗೆ ಎರಡೂ ಒಳ್ಳೆಯ ಮನೆಗಳೇ.

ಈಗ ಇದಕ್ಕೆ ಕಾನೂನಿದೆ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನ ಪ್ರಕಾರ ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ಆದೇಶ ಮಕ್ಕಳ ಕಲ್ಯಾಣ ಸಮಿತಿಯದು. ಒಡಹುಟ್ಟಿದವರನ್ನು ಆದಷ್ಟು ಅಗಲಿಸಬಾರದು, ಪ್ರತಿ ತಿಂಗಳೂ ಆ ಮನೆಯನ್ನು ನೋಡಿ ಬರಬೇಕು. ಇದು ದತ್ತಕವಲ್ಲ ಎಂಬುದನ್ನು ನಾವು ಹೆಂಗಸರು ಬೇಗ ಮರೆಯುತ್ತೇವೆ. ತಾಯಿ ಆಸ್ಪತ್ರೆಯಲ್ಲಿರಬಹುದು, ಚೇತರಿಸಿಕೊಂಡ ದಿನ ಮಗು ಹಿಂದಿರುಗಬೇಕು.

ಮನೆಗಳನ್ನು ನೋಡಿ ವರದಿ ಬರೆಯುವವರು ಎಂ.ಎಸ್.ಡಬ್ಲ್ಯೂ. ಮುಗಿಸಿದ ಎಳೆಯರು. ಅಂಥವಳೊಬ್ಬಳು, ನನ್ನ ಹಳೆಯ ವಿದ್ಯಾರ್ಥಿನಿ, ಒಮ್ಮೆ ಕೇಳಿದಳು: "ಅಕ್ಕೋರೆ, ಒಂದು ಮನ್ಯಾಗ ಮಕ್ಕಳಿಲ್ಲ, ಹೊಲಾ ಮನಿ ಎಲ್ಲಾ ಐತಿ, ಹುಡುಗೀನ ಜೀವದಂಗ ನೋಡ್ಕೋತೀವಿ ಅಂತಾರ. ಇನ್ನೊಂದು ಅರಿವಿ ಹೊಲಿಯೋರ ಮನಿ, ಎರಡು ಮಕ್ಕಳದಾವ. ಆಕಿ ಮಾತ್ರ, 'ಹುಡುಗಿ ತಾಯೀನ್ನ ನೋಡಾಕ ಯಾವಾಗ ಕರ್ಕೊಂಡು ಹೋಗಬೇಕ್ರಿ' ಅಂತ ಕೇಳಿದ್ಲು. ಯಾವ ಮನಿ ಬರೀಲ್ರಿ?"

ಎರಡನೆಯದು ಎಂದೆ. ಮೊದಲಿನವರ ಪ್ರೀತಿ ಸುಳ್ಳೆಂದಲ್ಲ. ತೊಟ್ಟಿಲು ತುಂಬಬೇಕೆನ್ನುವವರಿಗೆ ದತ್ತಕದ ದಾರಿ ಇದೆ, ಅದು ನ್ಯಾಯವಾದದ್ದೇ. ಈ ಹುಡುಗಿಗೆ ಬೇಕಾಗಿದ್ದುದು ಸಾಕಿ ಸಲಹಿ ಹಿಂದಕ್ಕೆ ಕೊಡಬಲ್ಲ ಕೈ. ಅದನ್ನು ಅರ್ಜಿಯ ಯಾವ ಕಾಲಮಿನಲ್ಲಿ ಬರೆಯುವುದು?

ತರಬೇತಿಯಲ್ಲಿ ಕಲಿಸಬೇಕಾದದ್ದು ಇದನ್ನೇ. ಆದಾಯ, ಕೋಣೆಗಳ ಲೆಕ್ಕ ಯಾರಾದರೂ ಹಾಕುತ್ತಾರೆ. ಊಟದ ಹೊತ್ತಿಗೆ ಹೇಳದೆ ಹೋಗಿ ಕೊನೆಗೆ ಉಣ್ಣುವವರು ಯಾರೆಂದು ನೋಡಬೇಕು. ಮಗುವನ್ನು ಒಂಟಿಯಾಗಿ ಮಾತಾಡಿಸಬೇಕು. ಶಾಲೆಗೆ ಬಂದು ಹಾಜರಿ ಪುಸ್ತಕ ತೆರೆಸಬೇಕು. (ಮಾಸ್ತರರನ್ನು, ಅಕ್ಕೋರನ್ನು ಯಾರು ಕೇಳುತ್ತಾರೆ, ಬಿಡಿ!)

ಇನ್ನು ಜಾತಿ. ಶಿಗ್ಗಾಂವ ತಾಲೂಕಿನ ಶಿಶುನಾಳದ ಷರೀಫರಿಗೆ ಗೋವಿಂದಭಟ್ಟರು ಗುರುವಾದ ಕಥೆಯನ್ನು ಹೆಮ್ಮೆಯಿಂದ ಹೇಳುವವರೇ "ಹುಡುಗಿ ಯಾರ ಪೈಕಿ?" ಎಂದೂ ಕೇಳುತ್ತಾರೆ. ಮಗುವಿನ ಊಟ, ಮಾತು, ದೇವರು ಬದಲಾಗದಿರಲಿ ಎಂದು ಕೇಳಿದರೆ ಅದು ಮಗುವಿನ ಪರವಾದ ಪ್ರಶ್ನೆ. ಮನೆಯ ಮಡಿಗಾಗಿ ಕೇಳಿದರೆ ಅಲ್ಲ. ಕೇಳುವವರ ದನಿಯಲ್ಲೇ ಈ ವ್ಯತ್ಯಾಸ ತಿಳಿಯುತ್ತದೆ.

ಆ ಹುಡುಗಿ ಹನ್ನೊಂದು ತಿಂಗಳಿದ್ದು ತಾಯಿಯ ಹತ್ತಿರ ಹೋದಳು. ಸಾಕಿದಾಕೆ ಎರಡು ದಿನ ಹೊಲಿಗೆ ಮಿಷನ್ನು ಮುಟ್ಟಲಿಲ್ಲವಂತೆ. ಮೂರನೆಯ ದಿನ ಆ ಹುಡುಗಿಯದೇ ಯೂನಿಫಾರಂ ಹೊಲಿದು ಕಳಿಸಿದಳು.