ತೊಗರಿ ಬೇರಿನ ಮುತ್ತು

ಸುಲೇಪೇಟದ ಹೊಲದಲ್ಲಿ ತೊಗರಿ ಗೇಣುದ್ದ ಎದ್ದಿತ್ತು. ಒಂದು ಕಡೆ ಸಸಿಗಳು ಬಡಕಲಾಗಿ ಹಳದಿ ತಿರುಗಿದ್ದವು. ಒಂದನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಬಕೆಟ್ ನೀರಲ್ಲಿ ಅಲುಗಿಸಿದೆ. ಕರಿಮಣ್ಣು ಕರಗಿದ ಮೇಲೆ ಬೇರಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮುತ್ತುಗಳು. ಅವು ಹೆಣ್ಣು ಜಂತುಹುಳುಗಳು. ಸತ್ತರೂ ಕಂದು ಚೀಲವಾಗಿ, ಹೊಟ್ಟೆಯಲ್ಲಿ ಮೊಟ್ಟೆ ಇಟ್ಟುಕೊಂಡು ಮಣ್ಣಲ್ಲೇ ಕೂರುತ್ತವೆ.

ಇವುಗಳ ದೂರದ ದಾಯಾದಿ ಸಿ. ಎಲೆಗನ್ಸ್ ಎಂಬ ಹುಳು. ಒಂದು ಮಿಲಿಮೀಟರ್ ಉದ್ದ, ಬ್ಯಾಕ್ಟೀರಿಯಾ ತಿಂದುಕೊಂಡು ಬದುಕುವ ಸಾಧು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ತಟ್ಟೆಗಳಲ್ಲಿ ಸಾಕುತ್ತಾರೆ. 1998ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಜೋಡಿಎಳೆಯ ಆರ್‌ಎನ್‌ಎ ಚುಚ್ಚಿ ಜೀನ್‌ನ ಬಾಯಿ ಕಟ್ಟಿದ್ದು ಈ ಹುಳುವಿನಲ್ಲೇ. 2006ರಲ್ಲಿ ನೊಬೆಲ್ ಬಂತು. ಈಗ ಚುಚ್ಚಲೇಬೇಕೆಂದಿಲ್ಲ. ಎತ್ತಿಗೆ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನಿಸಿದ ಹಾಗೆ, ಆ ಆರ್‌ಎನ್‌ಎ ತಯಾರಿಸುವ ಬ್ಯಾಕ್ಟೀರಿಯಾವನ್ನೇ ಮೇಯಿಸಿದರೆ ಆಯಿತು. ಜೀನ್ ಇದ್ದಲ್ಲೇ ಇರುತ್ತದೆ, ಅದು ಕಳಿಸಿದ ಚೀಟಿ ದಾರಿಯಲ್ಲೇ ಹರಿಯುತ್ತದೆ.

ಉಸಿರಾಟದ ಜೀನ್‌ಗಳನ್ನು ಪೂರ್ತಿ ಕಿತ್ತರೆ ಹುಳು ಮರಿಯಲ್ಲೇ ನಿಂತುಬಿಡಬಹುದು. ಆರ್‌ಎನ್‌ಎ ಮೇಯಿಸುವ ಉಪಾಯವಾದರೆ ಕಂದೀಲಿನ ಬತ್ತಿ ಇಳಿಸಿದ ಹಾಗೆ. 2002ರಲ್ಲಿ ಆಂಡ್ರ್ಯೂ ಡಿಲಿನ್, ಸಿಂಥಿಯಾ ಕೆನ್ಯನ್ ಮತ್ತು ಜೊತೆಗಾರರು ಮೈಟೊಕಾಂಡ್ರಿಯಾದ ಉಸಿರಾಟವನ್ನು ಹೀಗೆ ತಗ್ಗಿಸಿದರು. ಹುಳುಗಳು ಕುಳ್ಳಾದವು, ನಿಧಾನವಾದವು, ಆದರೆ ಹೆಚ್ಚು ದಿನ ಬದುಕಿದವು! ದೀರ್ಘಾಯುಷ್ಯ ಎಂದೊಡನೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ನನ್ನನ್ನು ಹಿಡಿದಿಟ್ಟಿದ್ದು ಅದರ ಪಕ್ಕದ ಸಂಗತಿ: ಬೆಳೆದ ಮೇಲೆ ಬತ್ತಿ ಇಳಿಸಿದರೆ ಶಕ್ತಿ ಕುಗ್ಗುತ್ತದೆ, ಆದರೆ ನಡಿಗೆ ಮಂದವಾಗುವುದಿಲ್ಲ, ಆಯುಷ್ಯವೂ ಒಂದಿಷ್ಟೂ ಹೆಚ್ಚುವುದಿಲ್ಲ. ಮರಿಯಿದ್ದಾಗಲೇ ಆಗಬೇಕು.

ಹೊಲದಲ್ಲೂ ಅದೇ ತಕರಾರು. ಮುತ್ತು ಕಣ್ಣಿಗೆ ಬೀಳುವ ಹೊತ್ತಿಗೆ ಹುಳು ಬೇರಲ್ಲಿ ಸಂಸಾರ ಹೂಡಿಯಾಗಿರುತ್ತದೆ. ಏನು ಮಾಡುವುದಿದ್ದರೂ ಬಿತ್ತುವ ಮುಂಚೆ. ತೊಗರಿ ನಡುವೆ ನಾವು ಹಾಕುವ ಹೆಸರೂ ಅದಕ್ಕೆ ಊಟವೇ. ಜೋಳದ ಬೇರು ಅದಕ್ಕೆ ಒಗ್ಗುವುದಿಲ್ಲ.

"ಮುಂದಿನ ವರ್ಷ ಇಲ್ಲಿ ಜ್ವಾಳ ಬಿತ್ತು ಕಾಕಾ," ಅಂದೆ.

ಕಾಕಾ ಬೇರನ್ನು ಬಿಸಿಲಿಗೆ ಹಿಡಿದು ನೋಡಿದ. "ಹುಳಕ್ಕ ಉಪಾಸ ಕೆಡವಬಹುದು ತಮ್ಮಾ. ಜ್ವಾಳಕ್ಕ ರೇಟ್ ಎಲ್ಲದ?"