ಹಿಗ್ಗುವ ಸರದಿ

ಬಿಡುವು ಎಂಬುದು ಕೆಲಸ ಮುಗಿದ ಮೇಲೆ ಸಿಗುವ ಬಹುಮಾನವೇ ಅಥವಾ ಅದೂ ಕೆಲಸದ ಒಂದು ಭಾಗವೇ? ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಮೊದಲನೆಯದನ್ನೇ ನಂಬಿ ಬೆಳೆದವರು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯನ್ನು ಗಂಡಸರಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಂಡವರು ನಾವೇ. ಮನೆಗೆಲಸ ಮುಗಿಯುವುದೇ ಇಲ್ಲವಾದ್ದರಿಂದ ಆ ಬಹುಮಾನವೂ ಕೈಗೆ ಬರುವುದಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ವಿಜ್ಞಾನದ ಟೀಚರು ರಜೆ ಹಾಕಿದಾಗ ಮಕ್ಕಳಿಗೆ ಹೃದಯದ ಪಾಠ ಓದಿಸಿದ್ದುಂಟು. ಹೃದಯಕ್ಕೆ ವಿಶ್ರಾಂತಿಯೇ ಇಲ್ಲ ಎನ್ನುತ್ತೇವಲ್ಲ, ಲೆಕ್ಕ ಬೇರೆಯೇ ಇದೆ. ನಿಮಿಷಕ್ಕೆ 75 ಸಲ ಬಡಿಯುವಾಗ ಒಂದು ಬಡಿತದ ಅವಧಿ 0.8 ಸೆಕೆಂಡು. ಅದರಲ್ಲಿ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಕುಗ್ಗಿ ರಕ್ತ ತಳ್ಳುವುದು ಸುಮಾರು 0.3 ಸೆಕೆಂಡು, ಸಡಿಲಗೊಂಡು ಹಿಗ್ಗುವುದು 0.5 ಸೆಕೆಂಡು. ಅವು ರಕ್ತ ತುಂಬಿಕೊಳ್ಳುವುದು ಆ ಬಿಡುವಿನಲ್ಲೇ. ಹೃದಯದ ಎಡಭಾಗದ ಸ್ನಾಯುವಿಗೆ ಬೇಕಾದ ರಕ್ತ ಹೆಚ್ಚಾಗಿ ಹರಿಯುವುದೂ ಆಗಲೇ. ಊರಿಗೆಲ್ಲ ಬಡಿಸುವವಳು ತಾನು ಉಣ್ಣುವ ಹೊತ್ತು ಅದು.

ಸಡಿಲವಾಗುವುದೂ ತಾನಾಗಿ ಆಗುವುದಲ್ಲ. ಸ್ನಾಯುವನ್ನು ಬಿಗಿಗೊಳಿಸಿದ ಕ್ಯಾಲ್ಸಿಯಂ ಅನ್ನು ಮತ್ತೆ ಜೀವಕೋಶದೊಳಗಿನ ಉಗ್ರಾಣಕ್ಕೆ ಸೇರಿಸಬೇಕು. ಅದಕ್ಕೂ ಶಕ್ತಿ ಖರ್ಚಾಗುತ್ತದೆ.

ನನ್ನ ಅತ್ತಿಗೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಪರೀಕ್ಷಿಸಿದ ವೈದ್ಯರು, “ಹೃದಯ ಚೆನ್ನಾಗಿಯೇ ಪಂಪ್ ಮಾಡುತ್ತಿದೆಯಮ್ಮ, ಸಡಿಲವಾಗುವುದೇ ಅದಕ್ಕೆ ಕಷ್ಟವಾಗಿದೆ” ಎಂದರು. ವಯಸ್ಸು, ಬಹುಕಾಲದ ರಕ್ತದೊತ್ತಡ ಹೃದಯದ ಗೋಡೆಯನ್ನು ಪೆಡಸು ಮಾಡಬಲ್ಲವು. ಇಂಥ ತೊಂದರೆ ವಯಸ್ಸಾದ ಹೆಂಗಸರಲ್ಲಿ ಹೆಚ್ಚು. ಮನೆಗೆಲಸದಿಂದಲೇ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದೊಡನೆ ಅತ್ತಿಗೆ ಕೇಳಿದ್ದು ಒಂದೇ ಮಾತು: “ರಾತ್ರಿಗೆ ಸಾರು ಯಾರು ಮಾಡ್ತಾರೆ?”

ಧರ್ಮಸೂಕ್ಷ್ಮವಿರುವುದು ಆ ಪ್ರಶ್ನೆಯಲ್ಲೇ. ಹೃತ್ಕುಕ್ಷಿ ಸಡಿಲವಾಗಿ ತುಂಬಿಕೊಳ್ಳುತ್ತಿರುವಾಗ, ಕೊನೆಯಲ್ಲಿ ಮೇಲಿನ ಹೃತ್ಕರ್ಣ ಕುಗ್ಗಿ ಇನ್ನಷ್ಟು ರಕ್ತ ತುಂಬಿಕೊಡುತ್ತದೆ. ಹೃತ್ಕುಕ್ಷಿ ದುಡಿಯುವಾಗ ಹೃತ್ಕರ್ಣ ಸಡಿಲ. ಅಲ್ಲಿ ಸರದಿಯಿದೆ. ನಮ್ಮ ಮನೆಗಳಲ್ಲಿ ಒಬ್ಬಳ ದುಡಿಮೆಯ ಮೇಲೆ ಉಳಿದವರ ಬಿಡುವು ನಿಂತಿರುತ್ತದೆ, ಸರದಿ ತಿರುಗುವುದೇ ಇಲ್ಲ. “ಸ್ವಲ್ಪ ರೆಸ್ಟ್ ತಗೋ” ಎಂದು ಕೂತಲ್ಲಿಂದಲೇ ಹೇಳುವುದು ದಯೆಯಾದೀತು. ಎದ್ದು ಬಂದು ಸೌಟು ಹಿಡಿಯುವುದು ನ್ಯಾಯ.

ನಮ್ಮ ಭಾಷೆಯಲ್ಲಿ ಹಿಗ್ಗು ಎಂದರೆ ಅರಳುವುದೂ ಹೌದು, ಸಂತೋಷವೂ ಹೌದು. ಅದನ್ನು ಕೇಳಿ ಪಡೆಯಲು ನಾವೇಕೆ ನಾಚಬೇಕು? ದುಡಿಯುವ ಜೀವಕ್ಕೆ ಅದು ಬಹುಮಾನವಲ್ಲ, ಪಾಲು.