ಪ್ರಮಾದ, ಕ್ಷಮೆ ಮತ್ತು ಪರಿಹಾರ

ಹಾಳಾದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡ ಗೃಹಸ್ಥನು, ಆ ರಸ್ತೆಯ ಹೊಣೆ ಹೊತ್ತವರಿಂದ ಪರಿಹಾರ ಕೇಳುವುದು ಧರ್ಮಸಮ್ಮತವೇ? ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಎರಡು ಉತ್ತರಗಳು ಕೇಳಿಬರುತ್ತವೆ. ‘ಇದು ಪೂರ್ವಕರ್ಮದ ಉದಯ, ಸಮಭಾವದಿಂದ ಸಹಿಸುವುದೇ ಲೇಸು’ ಎಂಬುದು ಹಿರಿಯರ ಮಾತು. ‘ತೆರಿಗೆ ಕಟ್ಟಿದ್ದೇವೆ, ಬಿಡುವುದೇಕೆ?’ ಎಂಬುದು ಕಿರಿಯರ ಮಾತು. ಎರಡರಲ್ಲಿಯೂ ಸತ್ಯಾಂಶವಿದೆ, ಒಂದನ್ನೇ ಹಿಡಿದರೆ ಅದು ಏಕಾಂತವಾದೀತು.

ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತಮುತ್ತ ವಾಸಿಸುವವರಿಗೆ ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಕಬ್ಬಿಣದ ಅದಿರಿನ ಲಾರಿಗಳು ಹಗಲಿರುಳು ಓಡಿದ ಸೀಮೆಯಿದು. ಮಿತಿಮೀರಿ ಭಾರ ಹೇರಿದ ಲಾರಿಗಳ ಸಂಗತಿಯು 2008 ಮತ್ತು 2011ರ ಲೋಕಾಯುಕ್ತ ವರದಿಗಳಲ್ಲಿ ದಾಖಲಾಯಿತು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. 2013ರ ಏಪ್ರಿಲ್‌ನಲ್ಲಿ ಷರತ್ತುಗಳೊಡನೆ ಮತ್ತೆ ಅವಕಾಶವಿತ್ತಿತು. ಇಂತಹ ರಸ್ತೆಯ ಗುಂಡಿಯು ಲಾರಿಗೆ ಒಂದು ಕುಲುಕಾಟ ಮಾತ್ರ. ದ್ವಿಚಕ್ರ ಸವಾರನಿಗಾದರೋ ಪ್ರಾಣಸಂಕಟ. ಮಳೆನೀರು ತುಂಬಿದರೆ ಗುಂಡಿಯ ಆಳವೂ ಕಾಣದು.

ಇಲ್ಲಿ ಮೊದಲು ವಿಚಾರಿಸಬೇಕಾದುದು ತಪ್ಪಿನ ಸ್ವರೂಪವನ್ನು. ರಸ್ತೆ ಕಟ್ಟಿದವನಿಗೆ ಯಾರನ್ನೂ ಕೊಲ್ಲುವ ಸಂಕಲ್ಪವಿರಲಿಲ್ಲ, ನಿಜ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಲ್ಲ, ಪ್ರಮಾದವನ್ನೇ ಮುಂದಿರಿಸುತ್ತದೆ. ಎಚ್ಚರಗೇಡಿತನದಿಂದ ಪ್ರಾಣಹಾನಿಯಾದರೆ ಅದು ಹಿಂಸೆಯೇ. ಅದೇ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಎಣಿಸಿದೆ. ಅದು ಭಾರ ಹೊರುವ ಜೀವಿಗಳನ್ನು ಕುರಿತ ಮಾತು. ಲಾರಿಗೆ ಜೀವವಿಲ್ಲವೆಂಬುದು ಸರಿ. ಆದರೆ ಅದರ ಅತಿಭಾರದಿಂದ ಒಡೆದ ರಸ್ತೆಯಲ್ಲಿ ಹೋಗುವವರಿಗೆ ಜೀವವಿದೆ. ನಡೆಯುವಾಗ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯು ಮುನಿಗಳ ಆಚಾರ. ಸಾವಿರಾರು ಜನ ನಡೆಯುವ ನೆಲವನ್ನು ಸಿದ್ಧಪಡಿಸುವವನಿಗೆ ಅದರ ಒಂದಂಶವಾದರೂ ಬೇಡವೇ?

ನಮ್ಮ ದೇಶದ ಕಾನೂನೂ ನಿಧಾನವಾಗಿ ಈ ದಿಕ್ಕಿಗೇ ಬಂದಿದೆ. ಹಣವಿಲ್ಲವೆಂಬ ನೆಪದಿಂದ ಪುರಸಭೆಯು ತನ್ನ ಕರ್ತವ್ಯದಿಂದ ನುಣುಚಿಕೊಳ್ಳಲಾಗದೆಂದು 1980ರ ರತಲಾಂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2013ರಿಂದ 2017ರವರೆಗೆ ರಸ್ತೆಗುಂಡಿಗಳಿಂದ 14,926 ಜನ ಸತ್ತರೆಂಬ ಅಂಕಿಯನ್ನು ಕಂಡು, 2018ರಲ್ಲಿ ಅದೇ ನ್ಯಾಯಾಲಯ ಕಳವಳ ವ್ಯಕ್ತಪಡಿಸಿತು. ಒಳ್ಳೆಯ ರಸ್ತೆಯು ಜೀವಿಸುವ ಹಕ್ಕಿನ ಭಾಗವೆಂದೂ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪರಿಹಾರ ಕೇಳಬಹುದೆಂದೂ ಬೆಂಗಳೂರಿನ ರಸ್ತೆಗಳ ಪ್ರಕರಣದಲ್ಲಿ 2019ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವಿಗೋ ಅಂಗವೈಕಲ್ಯಕ್ಕೋ ಕಾರಣರಾದ ಪ್ರಾಧಿಕಾರ ಹಾಗೂ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. 2025ರ ಅಕ್ಟೋಬರ್‌ನಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯಾಳುಗಳಿಗೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿ, ಆ ಹಣವನ್ನು ತಪ್ಪಿತಸ್ಥರಿಂದ ವಸೂಲು ಮಾಡಲು ಸೂಚಿಸಿತು. ಊರಿನ ಬೊಕ್ಕಸದ ಹಣವನ್ನು ತಾನೊಬ್ಬನೇ ಪಡೆಯುವುದೆಂತು ಎಂದು ಅಳುಕುವವರಿಗೆ ಈ ಕೊನೆಯ ಮಾತು ಸಮಾಧಾನ ತಂದೀತು.

ಇನ್ನು ಕರ್ಮದ ಆಕ್ಷೇಪ. ನೋವು ನನಗೇ ಏಕೆ ಬಂತೆಂಬುದಕ್ಕೆ ಅಸಾತಾವೇದನೀಯ ಕರ್ಮವು ಉತ್ತರವಾಗಬಹುದು. ಆದರೆ ಅದು ಇನ್ನೊಬ್ಬನ ಪ್ರಮಾದವನ್ನು ಅಳಿಸಲಾರದು. ಅವನ ಪ್ರಮಾದಕ್ಕೆ ಅವನಿಗೆ ಬಂಧವುಂಟು. ರೋಗವೂ ಕರ್ಮೋದಯವೇ, ಆದರೂ ನಾವು ವೈದ್ಯನ ಬಳಿಗೆ ಹೋಗುತ್ತೇವೆ, ಊರಿಗೆ ಔಷಧಾಲಯ ಕಟ್ಟಿಸುವುದನ್ನು ಪುಣ್ಯಕಾರ್ಯವೆನ್ನುತ್ತೇವೆ. ಮುರಿದ ಕಾಲಿಗೆ ಚಿಕಿತ್ಸೆ ಪುರುಷಾರ್ಥವಾದರೆ, ನಿಂತುಹೋದ ದುಡಿಮೆಗೆ ನ್ಯಾಯವಾದ ಪರಿಹಾರ ಕೇಳುವುದೂ ಪುರುಷಾರ್ಥವೇ.

ಕ್ಷಮೆಯ ವಿಚಾರವೂ ಹೀಗೆಯೇ. ಕ್ಷಮೆಯೆಂದರೆ ಕ್ರೋಧವನ್ನು ಬಿಡುವುದು; ನಡೆದುದನ್ನು ನಡೆಯಲಿಲ್ಲವೆನ್ನುವುದಲ್ಲ. ನನ್ನ ಮೂಳೆ ಮುರಿದುದನ್ನು ನಾನು ಕ್ಷಮಿಸಬಲ್ಲೆ. ನಾಳೆ ಅದೇ ಗುಂಡಿಯಲ್ಲಿ ಬೀಳಲಿರುವವನ ಪರವಾಗಿ ಕ್ಷಮಿಸುವ ಅಧಿಕಾರ ನನಗೆಲ್ಲಿಯದು? ನಾನು ಮೌನವಾಗಿದ್ದರೆ ಗುಂಡಿ ಹಾಗೆಯೇ ಉಳಿಯುತ್ತದೆ. ಉಳಿದ ಗುಂಡಿಗೆ ನನ್ನ ಮೌನವೂ ಪಾಲುದಾರನಾಗುತ್ತದೆ. ಆದುದರಿಂದ ದ್ವೇಷವಿಲ್ಲದ ಅರ್ಜಿಯು ಕ್ಷಮೆಗೆ ವಿರೋಧವಲ್ಲ.

ಆದರೆ ಅರ್ಜಿದಾರನಿಗೂ ವ್ರತವುಂಟು. ನಿಜವಾದ ಪರೀಕ್ಷೆಯಿರುವುದು ಇಲ್ಲಿಯೇ. ಇನ್ನೊಂದು ವಾಹನ ಡಿಕ್ಕಿ ಹೊಡೆದಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ದಾರಿ ಸುಲಭ. ವಿಮಾ ಕಂಪನಿ ಹಣ ಕೊಡುತ್ತದೆ. ಒಬ್ಬನೇ ಗುಂಡಿಗೆ ಬಿದ್ದವನು ರಸ್ತೆಯ ಒಡೆತನವುಳ್ಳ ಇಲಾಖೆಯನ್ನೇ ಎದುರಿಸಬೇಕು. ಸರ್ಕಾರದ ಮೇಲೆ ದಾವೆ ಹೂಡುವ ಮೊದಲು, ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಸಾಮಾನ್ಯವಾಗಿ ಎರಡು ತಿಂಗಳ ನೋಟೀಸು ಕೊಡಬೇಕು. ಆಮೇಲೆ ವರ್ಷಗಳ ಕಾಯುವಿಕೆ. ಆಗ ಯಾರೋ ಕಿವಿಯಲ್ಲಿ ಉಸುರುತ್ತಾರೆ: ‘ಪರಿಚಯದವರ ವಾಹನವೊಂದು ಡಿಕ್ಕಿ ಹೊಡೆಯಿತೆಂದು ಬರೆಸಿಬಿಡಿ, ಬೇಗ ಹಣ ಸಿಗುತ್ತದೆ.’ ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಹೆಸರುಗೊಂಡಿರುವುದು ಇಂಥ ಗಳಿಗೆಗಾಗಿಯೇ. ಹಾಗೆ ಪಡೆದ ಹಣವು ಪರಿಹಾರವಲ್ಲ, ಅದತ್ತಾದಾನ. ಮೇಲಾಗಿ, ದೂರಿನಲ್ಲಿ ಗುಂಡಿಯ ಹೆಸರೇ ಇಲ್ಲದಿದ್ದರೆ ಗುಂಡಿಯನ್ನು ಮುಚ್ಚುವವರು ಯಾರು?

ಹಾಗೆಯೇ ತನ್ನ ಪ್ರಮಾದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಶಿರಸ್ತ್ರಾಣ ಧರಿಸಿದ್ದೆನೇ? ವೇಗ ಮಿತಿಯಲ್ಲಿತ್ತೇ? ಮೂವರು ಕುಳಿತಿದ್ದೆವೇ? ಗಾಯಾಳುವಿನದೂ ತಪ್ಪಿದ್ದರೆ ನ್ಯಾಯಾಲಯಗಳು ಅಷ್ಟು ಪಾಲನ್ನು ಕಳೆಯುತ್ತವೆ. ನ್ಯಾಯಾಧೀಶರು ಕಳೆಯುವ ಮೊದಲು ಶ್ರಾವಕನು ತಾನೇ ಕಳೆದುಕೊಂಡರೆ ಅದು ಅಪರಿಗ್ರಹದ ಅಭ್ಯಾಸ. ಆಸ್ಪತ್ರೆಯ ನಿಜವಾದ ಖರ್ಚು, ಕಳೆದುಹೋದ ದುಡಿಮೆ, ಉಳಿದುಹೋದ ಊನ, ಅನುಭವಿಸಿದ ನೋವು, ಇಷ್ಟಕ್ಕೆ ಕೇಳುವುದು ನ್ಯಾಯ. ಬಿದ್ದುದನ್ನೇ ಬಂಡವಾಳ ಮಾಡಿಕೊಳ್ಳುವುದು ಲೋಭ.

ಬಸದಿಯ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಉದಾಸೀನವಾಗಿರಬಾರದು. ಹಾಸಿಗೆ ಹಿಡಿದವನಿಗೆ ಕಚೇರಿಗಳನ್ನು ಅಲೆಯುವ ಶಕ್ತಿಯಿರುವುದಿಲ್ಲ. ಗುಂಡಿ ಮುಚ್ಚಿಹೋಗುವ ಮೊದಲೇ ದಿನಾಂಕ ಸಹಿತ ಛಾಯಾಚಿತ್ರ ತೆಗೆಯುವುದು, ಪೊಲೀಸ್ ಠಾಣೆಯಲ್ಲಿ ನಡೆದುದನ್ನು ನಡೆದಂತೆಯೇ ದಾಖಲಿಸುವುದು, ಗಾಯದ ಪ್ರಮಾಣಪತ್ರ ಮತ್ತು ರಸೀದಿಗಳನ್ನು ಕಾಯ್ದಿಡುವುದು, ಇವುಗಳಲ್ಲಿ ನೆರವಾಗುವುದು ಅಭಯದಾನಕ್ಕೆ ಸಮೀಪವಾದ ಕಾರ್ಯ. ಅದಕ್ಕಿಂತ ಮಿಗಿಲಾದುದು, ಯಾರೂ ಬೀಳುವ ಮೊದಲೇ ಊರವರೆಲ್ಲ ಸಹಿ ಮಾಡಿ ಪಂಚಾಯಿತಿಗೂ ಲೋಕೋಪಯೋಗಿ ಇಲಾಖೆಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು. ‘ನಮಗೆ ತಿಳಿದಿರಲಿಲ್ಲ’ ಎಂಬ ಮಾತಿಗೆ ಆಗ ಎಡೆಯಿರದು.

ಜೊತೆಗೆ, ನಮ್ಮದೇ ಬಸದಿಯ ಸವೆದ ಮೆಟ್ಟಿಲು, ತೆರೆದ ಚರಂಡಿ, ಯಾತ್ರಿಕರ ಛತ್ರದ ಸಡಿಲಗೊಂಡ ಕಟಕಟೆಗಳನ್ನೂ ಅದೇ ಕಣ್ಣಿನಿಂದ ನೋಡುವುದೊಳಿತು. ಅಧಿಕಾರಿಯಲ್ಲಿ ಯಾವುದನ್ನು ಪ್ರಮಾದವೆನ್ನುವೆವೋ ಅದು ನಮ್ಮಲ್ಲಿದ್ದರೂ ಪ್ರಮಾದವೇ. ಇತರರಿಂದ ಎಚ್ಚರವನ್ನು ಕೇಳುವ ಹಕ್ಕು, ತಾನು ಎಚ್ಚರದಿಂದಿರುವವನಿಗೆ ಒಪ್ಪುತ್ತದೆ.